ಹದಿನಾಲ್ಕು ಅಡಿ

ಐಯೋವಾದ ಜೋಳದ ಬಯಲಿನ ನಡುವೆ
ನಮ್ಮದೊಂದು ಸರ್ಕಾರಿ ವಿಶ್ವವಿದ್ಯಾಲಯ.
ಸಾವಿರದ ಇನ್ನೂರು ಎಕರೆ.
ಅದರಲ್ಲಿ ಮಾತಾಡಲು ಬಿಟ್ಟುಕೊಟ್ಟದ್ದು
ಗ್ರಂಥಾಲಯದ ಹಿಂದೆ, ಕಸದ ಡಬ್ಬಿಗಳ ಪಕ್ಕ,
ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದ ವೃತ್ತ.
ಅಡ್ಡಳತೆ ಹದಿನಾಲ್ಕು ಅಡಿ.

ಯಾರನ್ನು ಬಿಡಬೇಕು, ಯಾವಾಗ ಬಿಡಬೇಕು
ಎನ್ನುವ ರಬ್ಬರ್ ಮೊಹರು
ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿತ್ತು,
ಹತ್ತೊಂಬತ್ತು ವರ್ಷ.
ನಾನು ಮಾರ್ಲಿಸ್ ಟ್ವೆಟ್, ಅನುಮತಿ ವಿಭಾಗ.

ಅರ್ಜಿ ಮೂರು ದಿನ ಮೊದಲು.
ವಿಷಯ ಏನು? ಎಷ್ಟು ಜನ? ಎಷ್ಟು ಹೊತ್ತು?
ದನಿ ಎಷ್ಟು ದೂರ ಕೇಳಿಸುತ್ತದೆ?
ಆ ಕೊನೆಯ ಅಂಕಣದಲ್ಲಿ ಒಬ್ಬ ಹುಡುಗ
'ನಮ್ಮಜ್ಜಿಯವರೆಗೆ' ಎಂದು ಬರೆದಿದ್ದ.
ಅಡಿಗಳಲ್ಲಿ ಬರೆದು ತಾ ಎಂದು ವಾಪಸು ಕಳಿಸಿದೆ.
ಇನ್ನೊಬ್ಬಳು ಬಾಯಿಗೆ ಟೇಪು ಅಂಟಿಸಿಕೊಂಡು
ಸುಮ್ಮನೆ ನಿಲ್ಲುತ್ತೇನೆ ಎಂದಳು.
ಸುಮ್ಮನಿರುವುದಕ್ಕೂ ಅರ್ಜಿ ಬೇಕಮ್ಮ, ಎಂದೆ.

ಕೆಟ್ಟವಳಲ್ಲ ನಾನು.
ಪೆನ್ನಿಲ್ಲದೆ ಬಂದವರಿಗೆ ಪೆನ್ನು ಕೊಡುತ್ತಿದ್ದೆ.
'ಮಾತಿಗೆ ಮಾತು ಬೆಳೆಯುತ್ತದೆ, ಮಾರ್ಲಿಸ್'
ಎನ್ನುತ್ತಿದ್ದರು ಡೀನ್, ಕಳೆಯ ಬಗ್ಗೆ ಹೇಳುವಂತೆ.
ಕಿಟಕಿಯಾಚೆ ಕೃಷಿ ವಿಭಾಗದ ಹುಡುಗರು
ಒಂದು ಕಾಳಿಗೆ ಎಷ್ಟು ಕಾಳು ಬಂತೆಂದು
ಬಿಸಿಲಲ್ಲಿ ಕೂತು ಎಣಿಸುತ್ತಿದ್ದರು.

ಮಾರ್ಚಿನಲ್ಲಿ ಇಮೆಲ್ಡಾ ಕ್ವಿರೋಸ್ ಬಂದಳು.
ಹಂದಿಮಾಂಸದ ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವರ
ಪಟ್ಟಿ ಓದಬೇಕಂತೆ. ಮೂವತ್ತೊಂದು ಹೆಸರು.
ನಾಲ್ಕನೆಯದು ಅವಳಪ್ಪನದು.
ಕಾರ್ಖಾನೆಯ ಮಾಲೀಕನ ಹೆಸರು
ನಮ್ಮ ಹೊಸ ಸಭಾಂಗಣದ ಹಣೆಯ ಮೇಲಿದೆ,
ಆಳೆತ್ತರದ ಅಕ್ಷರಗಳಲ್ಲಿ;
ಅದಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ.
ವೃತ್ತ ಜೇನು ಮಾರುವವರಿಗೆ ಹೋಗಿದೆ, ಎಂದೆ.
ನಿಜವಾಗಿಯೂ ಹೋಗಿತ್ತು.
ಬುಧವಾರ ಮಾತ್ರ ಖಾಲಿ ಇತ್ತು. ಅದನ್ನು ಹೇಳಲಿಲ್ಲ.

ಅವಳು ಗೆರೆಯ ಹೊರಗೆ ನಿಂತು ಓದಿದಳು.
ಕಾವಲಿನವನು ಮಂಡಿಯೂರಿ ಟೇಪು ಹಿಡಿದು ಅಳೆದ.
ವರದಿ ಬರೆದದ್ದು ನಾನೇ:
ಇಪ್ಪತ್ತೆರಡು ಇಂಚು ಹೊರಗೆ.
ಹನ್ನೊಂದನೇ ಹೆಸರಿಗೆ ತಡೆಯಲಾಯಿತು.
ಹನ್ನೆರಡನೆಯವನು ಯಾರಿರಬಹುದು ಎಂದು
ಆ ರಾತ್ರಿ ಪಾತ್ರೆ ತೊಳೆಯುತ್ತ ಒಮ್ಮೆ ಅನಿಸಿತು.

ಆಮೇಲೆ ರಾಜಧಾನಿಯಲ್ಲಿ ಕಾಯಿದೆಯಾಯಿತು.
ಹುಲ್ಲು, ಮೆಟ್ಟಿಲು, ಕಾರಂಜಿಯ ಕಟ್ಟೆ,
ಆಕಾಶ ಕಾಣುವ ಜಾಗವೆಲ್ಲ ಇನ್ನು ಮಾತಿನದೇ.
ವೃತ್ತವನ್ನು ತಂತಿಯ ಬ್ರಷ್ಷಿನಿಂದ ಕೆರೆದರು.
ಹಳದಿ ಹೋಯಿತು. ಕೆರೆದ ಗಾಯ
ಸುತ್ತಲಿನ ಸಿಮೆಂಟಿಗಿಂತ ಬೆಳ್ಳಗೆ ಉಳಿಯಿತು.
ಎಷ್ಟೋ ವಾರ ಹುಡುಗರು ಅದರೊಳಗೇ ಹೋಗಿ ನಿಲ್ಲುತ್ತಿದ್ದರು,
ಹಗ್ಗ ಬಿಚ್ಚಿದ ಮೇಲೂ ಗೂಟ ಬಿಡದ ಕರುಗಳಂತೆ.

ಹುಲ್ಲಿನ ಮೇಲೆ ಮೊದಲು ನಿಂತವನು ಹೊರಗಿನವನು.
ಕಪ್ಪು ಕೋಟು, ಕೈಯಲ್ಲಿ ಮೆಗಾಫೋನು.
ನರಕದಲ್ಲಿ ಬೇಯುವವರ ಪಟ್ಟಿ
ಅವನ ಹತ್ತಿರವೂ ಇತ್ತು.
ಅದರಲ್ಲಿ ನನ್ನ ಮಗಳಿದ್ದಳು;
ಹೆಸರಿನಿಂದಲ್ಲ,
ಹೆಣ್ಣನ್ನು ಮದುವೆಯಾದ ಹೆಣ್ಣು ಎಂದು.

ನನ್ನ ಕೈ ತಾನಾಗಿ ಎರಡನೇ ಡ್ರಾಯರು ಎಳೆಯಿತು.
ಒಣಗಿದ ಶಾಯಿಯ ವಾಸನೆ.
ಮೊಹರು ಇರಲಿಲ್ಲ.

ಇದ್ದಿದ್ದರೆ ಒತ್ತುತ್ತಿದ್ದೆ.
ಇದನ್ನೂ ಬರೆದಿಡುತ್ತೇನೆ,
ಇಪ್ಪತ್ತೆರಡು ಇಂಚು ಬರೆದ ಕೈಯಿಂದಲೇ.

ಕೋಟು ಹಾಕಿಕೊಳ್ಳದೆ ಕೆಳಗಿಳಿದೆ.
ಕಾರಂಜಿಯ ಕಟ್ಟೆಯ ಮೇಲೆ ಇಮೆಲ್ಡಾ
ಅವನಿಗೆ ಬೆನ್ನು ಹಾಕಿ ನಿಂತು
ತನ್ನ ಪಟ್ಟಿಯನ್ನು ಮೊದಲಿನಿಂದ ಓದುತ್ತಿದ್ದಳು.
ಅವನನ್ನು ಮುಳುಗಿಸಲೂ ಇಲ್ಲ, ತಾನು ಮುಳುಗಲೂ ಇಲ್ಲ.
ಹನ್ನೆರಡನೆಯವನ ಹೆಸರು ಎವರಾರ್ಡೊ.
ಬಲಗೈ, ಎರಡು ಬೆರಳು.

ನನಗೆ ಭಾಷಣ ಗೊತ್ತಿಲ್ಲ.
ಇಷ್ಟು ವರ್ಷ ಬೇರೆಯವರ ಸರದಿ ಬರೆದೆ,
ನನ್ನದೊಂದು ಕೇಳಲಿಲ್ಲ.
ಕಪ್ಪು ಕೋಟಿನವನ ಎದುರು ನಿಂತು
ಅವಳ ಹೆಸರು ಕಿರ್ಸ್ಟನ್, ಎಂದೆ.
ಅವನು ನಿಲ್ಲಿಸಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ.

ದನಿ ಎಷ್ಟು ದೂರ ಕೇಳಿಸಿತೋ.
ಆ ಅಂಕಣವನ್ನು
ನಾನಾದರೂ ಖಾಲಿ ಬಿಡಬೇಕಾಗುತ್ತಿತ್ತು.